ದೀಪ ಹಚ್ಚಿದ ಮೇಲೆ ನೆಟ್ ಕೊಡಬಾರದು

ನಮ್ಮ ಮನೆಯ ಹಾಟ್‌ಸ್ಪಾಟ್ ಹೊಸ್ತಿಲು ದಾಟಿ ಹದಿಮೂರು ಹೆಜ್ಜೆ ನಡೆಯುತ್ತದೆ. ನಾನು ಅಳೆದಿದ್ದೇನೆ. ಟವರ್ ಸಿಗುವುದು ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ ಮಾತ್ರವಾದ್ದರಿಂದ ನನ್ನ ಮೊಬೈಲನ್ನು ಅಲ್ಲಿ ಪ್ರತಿಷ್ಠಾಪಿಸಿ, ಯಜಮಾನರ ಮೊಬೈಲನ್ನು ಕೈಯಲ್ಲಿ ಹಿಡಿದು, ಉಂಗುರ ಕಳೆದುಕೊಂಡವಳ ಹಾಗೆ ನೆಲ ನೋಡುತ್ತಾ ನಡೆದರೆ, ಜಗಲಿಯ ಮೇಲೆ ಮೂರು ಗೆರೆ, ಬೀದಿ ನಲ್ಲಿಯ ಹತ್ತಿರ ಒಂದು ಗೆರೆ. ಹದಿಮೂರನೆಯ ಹೆಜ್ಜೆಗೆ, ಲೈಟ್ ಕಂಬದ ಬುಡದಲ್ಲಿ, ಅದು ಸದ್ದಿಲ್ಲದೆ ಪ್ರಾಣ ಬಿಡುತ್ತದೆ. ನಿವೃತ್ತಳಾದವಳಿಗೆ ಬೇರೆ ಕೆಲಸವಿರಲಿಲ್ಲವೇ ಎಂದು ನೀವು ಕೇಳಬಹುದು. ಇರಲಿಲ್ಲ. ಅಲ್ಲದೆ ನಮ್ಮದು ಎಂಬುದು ಎಲ್ಲಿಗೆ ಮುಗಿಯುತ್ತದೆ ಎಂದು ಅಳೆದು ನೋಡುವುದು ನನ್ನ ಹಳೆಯ ಚಟ.

ಚಟ ಹತ್ತಿದ್ದು ವೃತ್ತಿಯಿಂದ. ಜಗಳೂರು, ಚನ್ನಗಿರಿ, ಹೊನ್ನಾಳಿ ಎಂದು ಮೂರು ಊರುಗಳ ಕಾಲೇಜುಗಳಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ಗ್ರಂಥಗಳನ್ನು ಇಲಿಯಿಂದ, ಗೆದ್ದಲಿನಿಂದ, ಎಲ್ಲಕ್ಕಿಂತ ಮಿಗಿಲಾಗಿ ಓದುಗರಿಂದ ಪಾಲಿಸುವುದೇ ಗ್ರಂಥಪಾಲಕಿಯ ಧರ್ಮವೆಂದು ಬಹುಕಾಲ ನಂಬಿದ್ದೆ. ಚನ್ನಗಿರಿಯಲ್ಲಿದ್ದಾಗ ಕತ್ತಲಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಇಬ್ಬರು ಹುಡುಗಿಯರು ಒಂದೇ ಅರ್ಥಶಾಸ್ತ್ರದ ಪುಸ್ತಕವನ್ನು ನಡುವೆ ತೆರೆದಿಟ್ಟುಕೊಂಡು, ಎಡಪುಟ ಒಬ್ಬಳು ಬಲಪುಟ ಒಬ್ಬಳು ಓದುತ್ತಿದ್ದರು. ಒಂದು ಕಾರ್ಡಿಗೆ ಒಂದು ಪುಸ್ತಕ, ಒಂದು ಪುಸ್ತಕಕ್ಕೆ ಒಬ್ಬರೇ ಓದುಗರು ಎಂದು ನಾನು ಕಣ್ಣು ಕೆಂಪಗೆ ಮಾಡಿದಾಗ, ಅವರಲ್ಲಿ ಗಿಡ್ಡಗಿದ್ದವಳು ತಲೆಯೆತ್ತಿ, "ಮೇಡಂ, ಇಬ್ಬರು ಓದಿದ್ರೆ ಅಕ್ಷರ ಸವೀತಾವೇನ್ರಿ?" ಎಂದಳು. ನಾನು ಮೇಜು ಕುಟ್ಟಿ "ಸದ್ದು ಮಾಡಬೇಡಿ" ಎಂದೆ. ಈಗ ನ್ಯಾಮತಿಯ ನಮ್ಮ ಬೀದಿಯಲ್ಲಿ ಯಾರೇ ಮೊಬೈಲ್ ತೆರೆದು ಹತ್ತಿರದ ನೆಟ್ ಹುಡುಕಿದರೂ ಅವರಿಗೆ ಮೊದಲು ಕಾಣುವುದು ಅದೇ ಎರಡು ಮಾತು. ನನ್ನ ಹಾಟ್‌ಸ್ಪಾಟಿಗೆ ನಾನಿಟ್ಟ ನಾಮಧೇಯ 'ಸದ್ದು ಮಾಡಬೇಡಿ'.

ಈ ಹಾಟ್‌ಸ್ಪಾಟಿನ ಏಕೈಕ ಚಂದಾದಾರಳು ಮಂಜುಳಾ. ಇಲ್ಲಿನ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ನರ್ಸ್ ಆಗಿದ್ದಾಳೆ. ನಮ್ಮ ಹಿತ್ತಲ ಗೋಡೆಗೆ ಬೆನ್ನು ಕೊಟ್ಟು ನಿಂತಿರುವುದು ಅವಳ ಮನೆಯ ಗೋಡೆ. ಅದು ದಲಿತರ ಕೇರಿ. ಎರಡು ಗೋಡೆಗಳ ನಡುವೆ ಬೆಕ್ಕು ನುಸುಳುವಷ್ಟು ಸಂದಿದ್ದರೂ, ಮುಂಬಾಗಿಲಿಂದ ಮುಂಬಾಗಿಲಿಗೆ ಹೋಗಬೇಕಾದರೆ ಬೀದಿ ಸುತ್ತಿ ಹೋಗಬೇಕು. ಹೀಗಾಗಿ ನಾವು ಏಕಕಾಲಕ್ಕೆ ಅತಿ ಸಮೀಪದ ಮತ್ತು ಅತಿ ದೂರದ ನೆರೆಹೊರೆಯವರು. ಅವಳ ಸಿಮ್ಮಿಗೆ ನಮ್ಮ ಕಡೆ ಟವರ್ ಇಲ್ಲ. ಕಾಯಂ ಹುದ್ದೆಯ ಪರೀಕ್ಷೆಗೆ ಓದಬೇಕು, ಪಾಠಗಳೆಲ್ಲ ಮೊಬೈಲಿನಲ್ಲಿವೆ ಎಂದು ಅವಳು ಕೇಳಿದಾಗ ನಾನು ಉದಾರಳಾಗಿ ಪಾಸ್‌ವರ್ಡ್ ದಯಪಾಲಿಸಿದೆ. ಅಂದಿನಿಂದ ಹಗಲಿನ ಡ್ಯೂಟಿ ಇದ್ದ ದಿನವೆಲ್ಲ ಸಂಜೆ ಐದಕ್ಕೆ ಬಂದು ನಮ್ಮ ಜಗಲಿಯ ಮೇಲೆ ಕೂತು, ಕಿವಿಗೆ ವೈರು ಸಿಕ್ಕಿಸಿಕೊಂಡು ಓದುವಳು. ನಮ್ಮಲ್ಲಿ ಯಾರದೇ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿಯಿಲ್ಲವಷ್ಟೆ. ನೆಟ್ಟಿಗೆ ಪಾತ್ರೆಯೇ ಇಲ್ಲದ್ದರಿಂದ ಅವಳು ನಮ್ಮ ಅತ್ತೆಮ್ಮನನ್ನು ಜಗಲಿಗೆ ಕರೆದು ಕೂರಿಸಿ ವಾರಕ್ಕೊಮ್ಮೆ ಬಿ.ಪಿ. ನೋಡುವಳು. ಎಂಬತ್ತು ದಾಟಿದ ಅತ್ತೆಮ್ಮ ತೋಳು ಚಾಚಿ, ಪಟ್ಟಿ ಉಬ್ಬುವಾಗ ಕಣ್ಣು ಮುಚ್ಚಿ, ದೇವರ ಹೆಸರು ಹೇಳುವರು.

ನಾನು ಚಹಾ ಕೊಡುತ್ತಿದ್ದೆ. ಪೇಪರ್ ಕಪ್ಪಿನಲ್ಲಿ. ಅದಕ್ಕೆಂದೇ ಅಂಗಡಿಯಿಂದ ಐವತ್ತರ ಕಟ್ಟು ತಂದಿಟ್ಟಿದ್ದೆ. ತೊಳೆಯುವ ಕೆಲಸ ಉಳಿಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇನ್ನೊಂದು ಕಾರಣವೂ ಮನಸ್ಸಿನ ಮೂಲೆಯಲ್ಲಿತ್ತು: ವಯಸ್ಸಾದ ಅತ್ತೆಮ್ಮ, ಅವರ ಮಡಿ, ಅವರ ಮನಸ್ಸು ನೋಯಬಾರದು. ಒಟ್ಟಿನಲ್ಲಿ ಒಂದು ವರ್ಷ ಮಂಜುಳಾ ಜಗಲಿಯ ಮೇಲಿದ್ದಳು, ನಾನು ಹೊಸ್ತಿಲ ಒಳಗಿದ್ದೆ, ನಮ್ಮಿಬ್ಬರ ನಡುವೆ ನೆಟ್ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡುತ್ತಿತ್ತು. ಇದರಲ್ಲಿ ವಿಚಿತ್ರವಾದದ್ದು ಏನೋ ಇದೆ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಕಣ್ಣಿನ ರೆಪ್ಪೆ ಕಣ್ಣಿಗೆ ಕಾಣುವುದಿಲ್ಲವಲ್ಲ.

ಅತ್ತೆಮ್ಮ ಒಂದು ಸಂಜೆ, ಆ ಹುಡುಗಿ ನಮ್ಮಿಂದ ಒಯ್ಯುವುದೇನು ಎಂದು ಕೇಳಿದರು. ನನ್ನೊಳಗಿನ ಗ್ರಂಥಪಾಲಕಿ ಎಚ್ಚೆತ್ತು, ನಮಗೆ ದಿನಕ್ಕೆ ಇಂತಿಷ್ಟು ಎಂದು ಪಾಲಿದೆ, ಅವಳು ಬಳಸಿದಷ್ಟು ನಮಗೆ ಕಡಿಮೆಯಾಗುತ್ತದೆ ಎಂದು ವಿವರಿಸಿದಳು. ಮಾತು ಸುಳ್ಳಲ್ಲ, ಆದರೆ ಉಳಿದದ್ದರಲ್ಲಿ ನಾನು ನೋಡುತ್ತಿದ್ದದ್ದು ಧಾರಾವಾಹಿ ಎಂಬುದನ್ನು ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಹಾಲು ಒಡೆಯಿತು. ಅತ್ತೆಮ್ಮ ಎರಡನ್ನೂ ಕೂಡಿಸಿ ನೋಡಿ ಶಾಸನ ಹೊರಡಿಸಿದರು: "ದೀಪ ಹಚ್ಚಿದ ಮ್ಯಾಲೆ ಹಾಲು, ಮಜ್ಜಿಗೆ, ಉಪ್ಪು ಹೊರಗೆ ಕೊಡಬಾರ್ದು ಅಂತ ಗೊತ್ತಿಲ್ಲೇನು? ನೆಟ್ಟೂ ಹಂಗೇ. ಲಕ್ಷ್ಮಿ ಹೊಂಟು ಹೋಗ್ತಾಳೆ." ನಾನು ಸ್ನಾತಕೋತ್ತರ ಪದವೀಧರೆ. ಒಳಗೊಳಗೇ ನಕ್ಕೆ. ನಕ್ಕು, ಅಂದಿನಿಂದ ಆರೂವರೆಗೆ ಅತ್ತೆಮ್ಮ ಕಡ್ಡಿ ಗೀರುತ್ತಿದ್ದಂತೆ ಹಾಟ್‌ಸ್ಪಾಟ್ ಆರಿಸತೊಡಗಿದೆ. ಮಂಜುಳಾಳೂ ಆ ಹೊತ್ತಿಗೆ ಪುಸ್ತಕ ಮಡಿಸಿ ಎದ್ದು ಹೋಗುವಳು, ಯಾಕೆಂದು ಕೇಳಲಿಲ್ಲ.

ಹೀಗೆ ಸೌಹಾರ್ದವಾಗಿ ನಡೆಯುತ್ತಿದ್ದಾಗ ಆ ಸೋಮವಾರ ಬಂತು.

ಕಾಯಂ ಹುದ್ದೆಗೆ ಅರ್ಜಿ ಹಾಕಲು ಅಂದೇ ಕಡೆಯ ದಿನ. ಮಂಜುಳಾ ಮೊದಲು ಜಗಳೂರಿನ ಕಡೆ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಳು. ಅಲ್ಲಿಯ ಅನುಭವ ಪತ್ರಕ್ಕೆ ಸಹಿ ಹಾಕುವವರು ಅವಳ ಕೈಗೆ ಸಿಕ್ಕಿದ್ದು ಅವತ್ತೇ. ಬೆಳಿಗ್ಗೆ ಹೊರಟು, ಮೂರು ಬಸ್ಸು ಬದಲಾಯಿಸಿ, ಪತ್ರ ಹಿಡಿದು ಊರಿಗೆ ಮರಳುವ ಹೊತ್ತಿಗೆ ಸಂಜೆಯಾಗಿತ್ತು. ನೋಡಿದರೆ ರಸ್ತೆ ಅಗೆಯುವ ಜೆಸಿಬಿ ಎಲ್ಲೋ ಕೇಬಲ್ ತುಂಡರಿಸಿ ಊರಿನ ಸೈಬರ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಎಂಟಕ್ಕೆ ಅವಳಿಗೆ ರಾತ್ರಿ ಪಾಳಿ. ವಾರ್ಡಿಗೆ ಹೋದರೆ ಬೆಳಗಿನವರೆಗೆ ಕೈ ಬಿಡುವಿಲ್ಲ.

ಅವಳು ನಮ್ಮ ಬಾಗಿಲಿಗೆ ಬಂದಾಗ ಆರೂಮುಕ್ಕಾಲು. ಜಗಲಿ ಹತ್ತದೆ ಮೆಟ್ಟಿಲ ಕೆಳಗೇ ನಿಂತಿದ್ದಳು. ತಲೆಯ ತುಂಬ ಬಸ್ಸಿನ ಧೂಳು.

"ಮೇಡಂ, ಅರ್ಜಿ ಹಾಕಾಕೆ ಇವತ್ತೇ ಕಡೇ ದಿನ ರೀ. ಅರ್ಧ ಗಂಟೆ ನೆಟ್ ಬಿಟ್ರೆ ಸಾಕು. ಈ ಸಲ ತಪ್ಪಿದ್ರೆ ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರುತ್ತೆ."

ನನ್ನ ಬೆರಳು ಮೊಬೈಲಿನ ಮೇಲೇ ಇತ್ತು. ಒತ್ತಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ದೇವರ ಗೂಡಿನ ಕಡೆಯಿಂದ ಧ್ವನಿ ಬಂತು: "ಸರೋಜಾ, ದೀಪ ಹಚ್ಚೈತೆ."

ನನ್ನ ಬೆರಳು ನಿಂತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಬ್ಬ ಹೆಣ್ಣುಮಗಳ ಇಡೀ ಬಾಳು ಅರ್ಧ ಗಂಟೆಗೆ ಜೋತುಬಿದ್ದಿದ್ದಾಗ ನಾನು ಅತ್ತ ಅತ್ತೆಯ ಮುಖ, ಇತ್ತ ಅವಳ ಮುಖ ನೋಡುತ್ತಾ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ನಿಂತಿದ್ದೆ.

ಮಂಜುಳಾಗೆ ಈಗ ಅರ್ಥವಾಯಿತು. ಅವಳು ನನ್ನನ್ನು ಬಿಟ್ಟು ನೇರವಾಗಿ ಒಳಗಿನವರಿಗೇ ಹೇಳಿದಳು: "ಅಜ್ಜಿ, ಇದು ಹಾಲಲ್ಲ, ಮಜ್ಜಿಗೆ ಅಲ್ಲ."

"ಹಾಲಾಗಿದ್ರೆ ಒಂದು ತುಳಸಿ ಎಲೆ ಹಾಕಿ ಕೊಡ್ತಿದ್ದೆ ಕಣವ್ವ," ಎನ್ನುತ್ತ ಅತ್ತೆಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದರು. "ಇದಕ್ಕೆ ಏನು ಹಾಕ್ಲಿ ಹೇಳು?"

ಅತ್ತೆಮ್ಮ ಮಂಜುಳಾಳ ಕೈಯಲ್ಲಿದ್ದ ಪತ್ರವನ್ನೂ ಅವಳ ಧೂಳು ತಲೆಯನ್ನೂ ನೋಡಿದರು. ಆಮೇಲೆ, ತೊಡಕಿನ ವ್ಯಾಜ್ಯ ಬಗೆಹರಿಸುವ ಪಂಚಾಯ್ತಿ ಹಿರಿಯರ ಗತ್ತಿನಲ್ಲಿ ಹೇಳಿದರು: "ಹೊರಗೆ ಕೊಡಬಾರ್ದು ಅಂತ ಐತೆ. ಒಳಗೆ ಬಂದು ಉಣ್ಣೋರಿಗೆ ಬಡಿಸಬಾರ್ದು ಅಂತ ಎಲ್ಲೂ ಇಲ್ಲ. ಬಾ, ಒಳಗೆ ಬಾ."

ಮಂಜುಳಾ ಕೂಡಲೇ ಬರಲಿಲ್ಲ. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಒಂದು ವರ್ಷ ಜಗಲಿಯ ಮೇಲೆ ಕೂತವಳು ನನ್ನ ಬಾಯಿಂದ ಒಂದು ಮಾತು ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದಳು, ಅಷ್ಟೇ. "ಬಾ" ಎಂದೆ. ಅದು ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಎಂದೆ. ಅವಳು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಳು.

ಕಿಟಕಿಯ ಕೆಳಗೆ ಚಾಪೆ ಹಾಸಿದೆವು. ಅತ್ತೆಮ್ಮ ಅನುಭವ ಪತ್ರದ ಎರಡು ತುದಿಗಳನ್ನು ಒತ್ತಿ ಹಿಡಿದರು, ಮಂಜುಳಾ ಫೋಟೊ ತೆಗೆದಳು. ಫೋಟೊ ದೊಡ್ಡದಾಯಿತು ಎಂದು ಒಮ್ಮೆ, ಸಹಿ ಮಸುಕಾಯಿತು ಎಂದು ಒಮ್ಮೆ ಆ ಜಾಲತಾಣ ತಿರಸ್ಕರಿಸಿತು. ತಿರುಗುವ ಚಕ್ರವನ್ನು ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಹಾಟ್‌ಸ್ಪಾಟಿನ ಹೆಸರಿಗೆ ಅಂದು ಮೊದಲ ಬಾರಿ ಮರ್ಯಾದೆ ಸಿಕ್ಕಿತು. ನೆಟ್ ಆಗಲೂ ಹೊಸ್ತಿಲು ದಾಟಿ ಹದಿಮೂರು ಹೆಜ್ಜೆ ಹೊರಗೆ ಹೋಗುತ್ತಲೇ ಇತ್ತು, ಆದರೆ ಅದನ್ನು ನಾನು ಅತ್ತೆಮ್ಮನಿಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಏಳೂಕಾಲರ ಸುಮಾರಿಗೆ ಅರ್ಜಿಯ ಸಂಖ್ಯೆ ಪರದೆಯ ಮೇಲೆ ಮೂಡಿತು. ಮಂಜುಳಾ ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು. ಮೊಬೈಲಿನಲ್ಲಿ ಉಳಿದಿದ್ದರೂ ಬರೆದುಕೊಂಡಳು.

ನಾನು ಚಹಾ ಮಾಡಲು ಒಳಗೆ ಹೋದೆ. ಅಭ್ಯಾಸಬಲದಿಂದ ಕೈ ಪೇಪರ್ ಕಪ್ಪಿನ ಕಟ್ಟಿಗೆ ಹೋಯಿತು. ಹಿಂದೆಯೇ ಬಂದಿದ್ದ ಅತ್ತೆಮ್ಮ ಕೇಳಿದರು: "ಯಾಕೆ, ಮನೇಲಿ ಲೋಟ ಇಲ್ವಾ?"

"ನೀವು ಏನಾದ್ರೂ ಅಂದ್ಕೊಂತೀರಿ ಅಂತ..."

"ನಾನು? ನೀನು ಓದಿದಾಕಿ, ನಿಂದೇ ಏನೋ ಲೆಕ್ಕಾಚಾರ ಐತೆ ಅಂತ ಸುಮ್ನಿದ್ದೆ." ದನಿ ತಗ್ಗಿಸಿ ಸೇರಿಸಿದರು: "ನಾನೂ ಕರೀಲಿಲ್ಲ ಬಿಡು. ಇಬ್ರದೂ ಐತೆ."

ಒಂದು ವರ್ಷ ಅವರು ನನ್ನ ಹೆಗಲ ಮೇಲೆ, ನಾನು ಅವರ ಹೆಗಲ ಮೇಲೆ ಬಂದೂಕಿಟ್ಟು ನಿಂತಿದ್ದೆವು. ಚಹಾವನ್ನು ನಾವು ಕುಡಿಯುವ ಸ್ಟೀಲ್ ಲೋಟದಲ್ಲೇ ತಂದುಕೊಟ್ಟೆ. ಮಂಜುಳಾ ಸೆರಗಿನ ತುದಿಯಲ್ಲಿ ಲೋಟ ಹಿಡಿದು, ಊದಿ, ಕುಡಿದು, ಕಣ್ಣಿನಲ್ಲೇ ನಗುತ್ತಾ, "ಇದು ಕೈ ಸುಡ್ತೈತೆ ಮೇಡಂ. ಪೇಪರ್ ಕಪ್ಪು ಇಷ್ಟು ಸುಡ್ತಿರ್ಲಿಲ್ಲ" ಎಂದಳು. ಸುಟ್ಟದ್ದು ಯಾರಿಗೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ಇದನ್ನು ಯಾರಾದರೂ ಸಮಾಜ ಸುಧಾರಣೆ ಎಂದರೆ ನಾನು ಜಗಲಿಯಿಂದ ಕೆಳಗೆ ಬೀಳುವಷ್ಟು ನಗುತ್ತೇನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆಯಂತೆ, ದೀಪ ಹಚ್ಚಿದ ಮೇಲಿನ ಒಂದು ಮೂಢನಂಬಿಕೆ ಹೊಸ್ತಿಲಿನ ಮತ್ತೊಂದು ಮೂಢನಂಬಿಕೆಯನ್ನು ಕಿತ್ತು ಹಾಕಿತು. ನನ್ನ ಪದವಿಗಳೆಲ್ಲ ಪಕ್ಕದಲ್ಲಿ ನಿಂತು ನೋಡಿದವು. ಆದರೂ ನನಗೆ ಸಂತೋಷವಾಗಿದೆ, ಅದನ್ನು ಬಚ್ಚಿಡಲಾರೆ. ಒಳ್ಳೆಯದು ಯಾವ ಬಾಗಿಲಿಂದ ಬಂದರೂ ಚಾಪೆ ಹಾಸುವುದು ಲೇಸು.

ಮಂಜುಳಾ ಪರೀಕ್ಷೆ ಬರೆದಿದ್ದಾಳೆ. ಆಯ್ಕೆಯಾದವರ ಪಟ್ಟಿ ಇನ್ನೂ ಬಂದಿಲ್ಲ. ಪ್ರತಿ ಸಂಜೆ ದೀಪ ಹಚ್ಚಿ ಕೈ ಮುಗಿದ ಮೇಲೆ ಅತ್ತೆಮ್ಮ, "ಆ ಹುಡುಗೀದು ಬಂತೇನೆ?" ಎಂದು ಕೇಳುತ್ತಾರೆ.

ಮೊನ್ನೆ ನನಗೇ ಗ್ರಹಚಾರ ಕಾದಿತ್ತು. ಪಿಂಚಣಿದಾರರಾದ ನಾವು ವರ್ಷಕ್ಕೊಮ್ಮೆ ಮೊಬೈಲಿಗೆ ಮುಖ ತೋರಿಸಿ, ಇನ್ನೂ ಜೀವಂತವಾಗಿದ್ದೇವೆ ಎಂದು ಸರ್ಕಾರಕ್ಕೆ ರುಜುವಾತು ಮಾಡಬೇಕು. ನಾಳೆ ನಾಳೆ ಎನ್ನುತ್ತಾ ಕಡೆಯ ದಿನಕ್ಕೆ ತಂದುಕೊಂಡಿದ್ದೆ, ಅವತ್ತೇ ನನ್ನ ಟವರ್ ಮೌನವ್ರತ ಹಿಡಿಯಿತು. ಯಜಮಾನರು ತಮ್ಮ ಮೊಬೈಲ್ ಸಮೇತ ಸಾಸ್ವೆಹಳ್ಳಿಯ ಗದ್ದೆಗೆ ಹೋಗಿದ್ದರು. ಮಂಜುಳಾ ಈಚೆಗೆ ಸಿಮ್ ಬದಲಾಯಿಸಿದ್ದಳು. ಅವಳ ಮನೆಯಲ್ಲಿ ಈಗ ಟವರ್ ಚೆನ್ನಾಗಿದೆ. ಸಂಜೆ ಬೀದಿ ಸುತ್ತಿ ಅವಳ ಬಾಗಿಲಿಗೆ ಹೋದೆ. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಪಾಸ್‌ವರ್ಡ್ ಕೇಳಿಕೊಂಡು, ಹೊಸ್ತಿಲ ಹೊರಗೆ ನಿಂತು, ಮೊಬೈಲನ್ನು ಮೇಲೆತ್ತಿ ಹಿಡಿದೆ. ಒಂದು ಗೆರೆ ಬಂತು, ಹೋಯಿತು.

ಒಳಗೆ ಬುದ್ಧನ ಪಟದ ಮುಂದೆ ಸಣ್ಣ ದೀಪ ಉರಿಯುತ್ತಿತ್ತು. ಮಂಜುಳಾ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದಳು:

"ಅಲ್ಲೇ ಯಾಕೆ ನಿಂತ್ರಿ ಮೇಡಂ? ದೀಪ ಹಚ್ಚೈತೆ. ಹೊರಗೆ ನೆಟ್ ಕೊಡಂಗಿಲ್ಲ. ಒಳಗೆ ಬರ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ನಾನು ಬದುಕಿದ್ದೇನೆ ಎಂಬುದು ಸರ್ಕಾರಕ್ಕೆ ಈ ವರ್ಷ ಖಾತ್ರಿಯಾದದ್ದು ಮಂಜುಳಾಳ ಮನೆಯ ಚಾಪೆಯ ಮೇಲೆ. ಚಹಾ ಬಂತು, ಸ್ಟೀಲ್ ಲೋಟದಲ್ಲಿ, ಕೈ ಸುಡುವಷ್ಟು ಬಿಸಿಯಾಗಿ. ಅವಳ ಹಾಟ್‌ಸ್ಪಾಟ್ ಹೊಸ್ತಿಲು ದಾಟಿ ಎಷ್ಟು ಹೆಜ್ಜೆ ನಡೆಯುತ್ತದೆ ಎಂದು ನಾನು ಅಳೆಯಲಿಲ್ಲ. ಒಳಗೇ ಕೂತಿದ್ದೆನಲ್ಲ.