ಲೆಕ್ಕಕ್ಕಿಲ್ಲದ ಸೀನು

ನಮ್ಮ ಬಿಳಿ ವ್ಯಾನಿನ ಬಾಗಿಲು ಸರಿಸಿ ಒಳಗೆ ಕಾಲಿಟ್ಟವರು ಸೀನದೆ ಕೂತ ಇತಿಹಾಸವಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವರ ಗಾಡಿ ಅದು. ವಾರವೆಲ್ಲ ಚೀಲ ಹೊತ್ತು, ಶನಿವಾರ ಭಾನುವಾರ ಬಂತೆಂದರೆ ಹಿಂದಿನ ಸೀಟು ಜೋಡಿಸಿಕೊಂಡು ನಮ್ಮನ್ನು ಹೊರುತ್ತದೆ. ಎಷ್ಟು ತೊಳೆದರೂ ಘಾಟು ಮಾತ್ರ ಸೀಟಿನ ಸ್ಪಂಜಿನಲ್ಲಿ ಪಿತ್ರಾರ್ಜಿತ ಆಸ್ತಿಯಂತೆ ಉಳಿದುಕೊಂಡಿದೆ. ಹೊರಡುವಾಗ ಒಂಟಿ ಸೀನು ಬಂದರೆ ಒಂದು ಗಳಿಗೆ ಕೂತು, ನೀರು ಕುಡಿದು, ಆಮೇಲೆ ಏಳಬೇಕೆಂಬ ನೇಮ ನಿಮ್ಮ ಮನೆಯಲ್ಲೂ ಇದ್ದೀತು. ಅದನ್ನು ಪಾಲಿಸಿದ್ದರೆ ನಾವು ಈ ಜನ್ಮದಲ್ಲಿ ಊರ ಅಗಸಿಬಾಗಿಲು ದಾಟುತ್ತಿರಲಿಲ್ಲ. ಹಾಗಾಗಿ ಅಪ್ಪ ಎಂದೋ ಒಂದು ತೀರ್ಪು ಕೊಟ್ಟುಬಿಟ್ಟಿದ್ದ: ವ್ಯಾನಿನೊಳಗಿನ ಸೀನು ಲೆಕ್ಕಕ್ಕಿಲ್ಲ.

ಮಾಫಿ ಎಂಬುದೂ ಮೆಣಸಿನ ಘಾಟಿನ ಜಾತಿಯದೇ. ಒಮ್ಮೆ ಒಳಗೆ ಬಿಟ್ಟುಕೊಂಡರೆ ಮೂಲೆಮೂಲೆಗೂ ಹರಡುತ್ತದೆ. ಸೀನಿಗೆ ಮಾಫಿ ಸಿಕ್ಕ ಮೇಲೆ, ತಿರುವು ಬಂದಾಗ ತಾನಾಗಿಯೇ ಅರ್ಧ ಸರಿದುಕೊಳ್ಳುವ ಬಾಗಿಲಿಗೂ ಸಿಕ್ಕಿತು. ಅದನ್ನೊಂದು ಹಗ್ಗದಿಂದ ಕಟ್ಟಿದೆವು. ಹಿಂದಿನ ಸೀಟಿಗೆ ಬೆಲ್ಟೇ ಇಲ್ಲದಿರುವುದಕ್ಕೂ ಸಿಕ್ಕಿತು; ಅದರ ಬದಲಿಗೆ ಅವ್ವನ ಬಲಗೈ ಇತ್ತು. ಅಪ್ಪನ ಕಾಲು ಬ್ರೇಕಿಗೆ ಹೋಗುವ ಮೊದಲೇ ಆ ಕೈಗೆ ಅದು ಹೇಗೆ ತಿಳಿಯುತ್ತಿತ್ತೋ, ಪಕ್ಕದ ಮಗುವಿನ ಎದೆಗೆ ಅಡ್ಡ ಬಂದು ನಿಲ್ಲುತ್ತಿತ್ತು. ಮೊದಲು ಅಣ್ಣನ ಎದೆ, ಆಮೇಲೆ ನನ್ನದು, ಈಗ ಅಣ್ಣನ ಮಗಳು, ನಾಲ್ಕು ವರ್ಷದ ಚಿನ್ನಿಯದು.

ನನ್ನ ಪರಿಚಯವೂ ಆಗಿಬಿಡಲಿ. ಮನೆಯಲ್ಲಿ ನನ್ನ ಹೆಸರು ‘ನಕಲಿ’. ಅಪ್ಪ ಮೆಣಸಿನಕಾಯಿ ಮುರಿದು, ಒಂದು ಕಣ್ಣು ಮುಚ್ಚಿ, ಮೂಸಿ ನೋಡುವ ಗತ್ತು, ಅಣ್ಣ ಹಾವೇರಿಯ ಅಂಗಡಿಯಿಂದ ಫೋನು ಮಾಡಿ ಆಕಳಿಸುವ ಲಯ, ನಮ್ಮ ವ್ಯಾನು ಬೆಳಗಿನ ಥಂಡಿಯಲ್ಲಿ ಚಾಲೂ ಆಗಲು ಕೆಮ್ಮುವ ರೀತಿ, ಎಲ್ಲವನ್ನೂ ನಾನು ಮಾಡಿ ತೋರಿಸಬಲ್ಲೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಮಾಫಿಗೆ ಮೊದಲು ತಕರಾರು ತೆಗೆದವಳು ವೈನಿ, ಅಣ್ಣನ ಹೆಂಡತಿ. ಅವಳ ತವರು ರಾಣೆಬೆನ್ನೂರು. ಭಾನುವಾರಕ್ಕೊಮ್ಮೆ ಮಗಳೊಂದಿಗೆ ಆ ದಾರಿ ಹಿಡಿಯುವವಳು. ಹಿಂದೆಯೂ ಬೆಲ್ಟಿರುವ, ಮಗುವಿನ ಸೀಟು ಕೂರಿಸಲು ಬರುವ ಗಾಡಿ ತರೋಣ ಎಂದಳು. ಅಪ್ಪನ ಮುಖ ಕೆಂಪಾಯಿತು. ಅಪ್ಪನ ಸಿಟ್ಟು ನಮ್ಮೂರ ಕಾಯಿಯ ಹಾಗೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಆ ವ್ಯಾನು ನಮ್ಮನ್ನು ಸಾಕಿದ ಬಗೆಯನ್ನೆಲ್ಲ ಹೇಳಿ, ಕಡೆಗೆ ನನ್ನತ್ತ ಬೆರಳು ಮಾಡಿದ. “ಇಂವಾ ಇದರಾಗ ಬೆಳದಾನ. ಏನಾಗೇತಿ ಇವಗ?”

ವೈನಿ ನನ್ನನ್ನು ಆಪಾದಮಸ್ತಕ ನೋಡಿದಳು. “ಅದಕ್ಕ ಹೇಳಾಕತ್ತೇನ್ರಿ, ಮಾವಾರ.”

ಅಪ್ಪನೂ ನಕ್ಕುಬಿಟ್ಟ. ನಗು ಬಂದ ಮೇಲೆ ನಿರ್ಧಾರ ಬರಲಿಲ್ಲ. ನಮ್ಮ ಮನೆಯಲ್ಲಿ ಹಾಗೆಯೇ. ಏಳುವಾಗ ವೈನಿ ಮೆಲ್ಲಗೆ, “ಸೀನಿಗೆ ನೀವು ಮಾಫಿ ಕೊಟ್ರಿ. ಬ್ರೇಕಿಗೆ ಯಾರು ಕೊಡ್ತಾರ?” ಎಂದಿದ್ದು ನನ್ನ ಕಿವಿಗಷ್ಟೇ ಬಿತ್ತು.

ಮುಂದಿನ ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೊರಟಿದ್ದೆವು. ಹೊಲದ ಬದುವಿನಿಂದ ಒಂದು ಎಮ್ಮೆ ಸೀದಾ ರಸ್ತೆಗಿಳಿಯಿತು. ಅಪ್ಪ ಬ್ರೇಕ್ ಒತ್ತಿದ. ಅವ್ವನ ಕೈ ಎಂದಿನಂತೆ ಅಡ್ಡ ಬಂತು, ಚಿನ್ನಿ ಇದ್ದಲ್ಲೇ ಇದ್ದಳು. ಅವ್ವ ಮಾತ್ರ ಮುಂದೆ ತೂರಿಹೋಗಿ, ಮುಂದಿನ ಸೀಟಿನ ಕಬ್ಬಿಣಕ್ಕೆ ಭುಜ ಬಡಿಸಿಕೊಂಡು, ನಕ್ಕುಬಿಟ್ಟಳು. ಗುಡಿ ಮುಟ್ಟುವಷ್ಟರಲ್ಲಿ ನನ್ನ ಪ್ರಹಸನ ಸಿದ್ಧವಾಗಿತ್ತು: ಎಮ್ಮೆಯ ಉದಾಸೀನ ಮುಖ, ಒಂದೇ ಉಸಿರಿನಲ್ಲಿ ಹನುಮಪ್ಪನನ್ನು ಕರೆದ ಅಪ್ಪ, ಎಲ್ಲರಿಗಿಂತ ಮೊದಲು ಸನಾದಿಯಂತೆ ಕಿರುಚಿದ ನಾನು, ಚೆಂಡಿನಂತೆ ಪುಟಿದ ಅವ್ವ. ಕಾಯಿ ಒಡೆಸಲು ನಿಂತ ಸಾಲಿನವರೂ ನಕ್ಕರು. ಅಂಗಡಿಯಲ್ಲಿ ಮಾಡಿದೆ, ಹಾವೇರಿಯ ನೆಂಟರ ಮನೆಯಲ್ಲಿ ಕೇಳಿ ಕೇಳಿ ಮಾಡಿಸಿದರು. ಎಲ್ಲ ಪ್ರದರ್ಶನಗಳಿಗೂ ಮುಂದಿನ ಸಾಲಿನ ಪ್ರೇಕ್ಷಕಿ ಚಿನ್ನಿ.

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ, ಪಡಸಾಲೆಯಲ್ಲಿ ತಲೆದಿಂಬುಗಳನ್ನು ಸಾಲಾಗಿಟ್ಟು ಅವಳೇ ಆ ಆಟ ಹೂಡಿದಳು. ನನಗೆ ಎಮ್ಮೆಯ ಪಾತ್ರ ಸಿಕ್ಕಿತು, ಪ್ರತಿಭೆಗೆ ತಕ್ಕದ್ದೇ. ಅಪ್ಪನ ಉದ್ಗಾರ, ನನ್ನ ಸನಾದಿ, ಒಂದಕ್ಷರ ತಪ್ಪಲಿಲ್ಲ. ಕುರ್ಚಿಯಲ್ಲಿ ಕೂತ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ನಾನು ನಿಲ್ಲಿಸುವ ಕಡೆ ಅವಳು ನಿಲ್ಲಿಸಲಿಲ್ಲ. ಆಯಿಯಾಗಿ, ಅಂದರೆ ನಮ್ಮ ಅವ್ವನಾಗಿ, ಎಡಗೈಯಿಂದ ಬಲಭುಜವನ್ನು ಹಿಡಿದುಕೊಂಡಳು. ತುಟಿ ಬಿಗಿಹಿಡಿದು, ಯಾರಾದರೂ ನೋಡಿದರೇನೋ ಎಂದು ಆಚೆ ಈಚೆ ನೋಡಿ, ತನ್ನಷ್ಟಕ್ಕೇ ಹೇಳಿಕೊಂಡಳು: “ಏನಿಲ್ಲ... ಏನಿಲ್ಲ.” ಆಮೇಲೆ ಎಡಗೈಯಿಂದಲೇ, ಸೊಟ್ಟಸೊಟ್ಟಗೆ, ತಲೆ ಬಾಚಿಕೊಂಡಳು.

ನಗು ನಿಂತಿತು. ನಿಮ್ಮ ಮುಂದೆ ಮುಚ್ಚಿಡುವುದೇನು, ಆ ದಿನ ಮುಂದಿನ ಸೀಟಿನಲ್ಲಿದ್ದ ನಾನೂ ಅವ್ವ ಭುಜ ಹಿಡಿದುಕೊಂಡದ್ದನ್ನು ಕನ್ನಡಿಯಲ್ಲಿ ಕಂಡಿದ್ದೆ. ಅದರಲ್ಲಿ ನಗು ಇರಲಿಲ್ಲ, ಅದಕ್ಕೇ ಬಿಟ್ಟಿದ್ದೆ. ನನ್ನ ನಾಟಕದಲ್ಲಿ ಆ ಸೀನು ಲೆಕ್ಕಕ್ಕಿರಲಿಲ್ಲ. ನಕಲಿ ನಾನು, ಅಸಲಿಯನ್ನು ತೋರಿಸಿದವಳು ನಾಲ್ಕು ವರ್ಷದ ಹುಡುಗಿ.

ಅಪ್ಪ ಅಡುಗೆಮನೆಯತ್ತ ತಿರುಗಿದ. “ಏ, ಇಲ್ಲಿ ಬಾ. ಬಲಗೈ ಮ್ಯಾಲೆತ್ತು ನೋಡೂಣು.”

ಅವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅದರಿಂದ ಮೇಲೆ ಹೋಗಲಿಲ್ಲ. “ಏನಿಲ್ಲ ತಗೋರಿ,” ಎಂದಳು, ಚಿನ್ನಿ ಹೇಳಿದ ಅದೇ ರಾಗದಲ್ಲಿ.

ಅಪ್ಪ ಕುರ್ಚಿಯಿಂದೆದ್ದು ಬಂದು ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. “ನಾ ಬೆಲ್ಟು ಬರೇ ಕೂಸಿಗೆ ಅಂತ ತಿಳದಿದ್ದೆ,” ಎಂದ.

ಪ್ರೀತಿಸಿದ ವಸ್ತುವಿನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ದೊಡ್ಡ ಗುಣವೆಂದೇ ನಾವೆಲ್ಲ ಬೆಳೆದವರು. ವ್ಯಾನಿನ ತಪ್ಪು ನಮ್ಮೆಲ್ಲರ ಹೊಟ್ಟೆಗೆ ಹೋಗಿರಲಿಲ್ಲ. ಇಷ್ಟು ವರ್ಷ ಒಬ್ಬಳದೇ ಭುಜಕ್ಕೆ ಹೋಗುತ್ತಿತ್ತು. ಆ ಭುಜ ನೋವೆಂದು ಹೇಳುವುದಿಲ್ಲ, ನಾವೋ ಕೇಳುವುದಿಲ್ಲ.

ಬೇರೆ ಗಾಡಿ ಬಂತು. ವ್ಯಾನು ಈಗ ಚೀಲಗಳದಷ್ಟೇ. ಅವು ಸೀನುವುದಿಲ್ಲವಾದ್ದರಿಂದ ಯಾರಿಗೂ ತೊಂದರೆಯಿಲ್ಲ. ಅವ್ವನ ಕೈ, ಹಾವೇರಿಯ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿ ಮಾಡಿ, ಕಿವಿಯವರೆಗೆ ಏರಿದೆ. ಮೊದಲ ಭಾನುವಾರ ರಾಣೆಬೆನ್ನೂರಿಗೆ ಹೊರಟಾಗ ತನ್ನದೇ ಸೀಟಿನಲ್ಲಿ ಪಟ್ಟದರಸಿಯಂತೆ ಕೂತ ಚಿನ್ನಿ, ಘಾಟಿಲ್ಲ ಧೂಳಿಲ್ಲ, ಒಂದೇ ಒಂದು ಬಾರಿ ಸೀನಿದಳು. ನಾನು ರೂಢಿಯಂತೆ ಅಪ್ಪನ ದನಿಯಲ್ಲಿ ತೀರ್ಪು ಕೊಟ್ಟೆ: “ಗಾಡ್ಯಾಗಿನ ಸೀನು ಲೆಕ್ಕಕ್ಕಿಲ್ಲ.”

ಅಪ್ಪ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ. “ಅದು ಆ ಗಾಡಿಗೆ. ಇಲ್ಲಿ ಲೆಕ್ಕಕ್ಕೈತಿ.”

ಕೂತೆವು, ನೀರು ಕುಡಿದೆವು. ಅಪ್ಪ ಹಿಂದಕ್ಕೆ ತಿರುಗಿ ಒಂದೊಂದೇ ಬೆಲ್ಟು ನೋಡುತ್ತ ಬಂದ. ಹಾಕಿಕೊಳ್ಳದೆ ಕೂತವನು ನಾನೊಬ್ಬನೇ. ವೈನಿ ಮತ್ತೆ ಆಪಾದಮಸ್ತಕ ನೋಡಿದಳು, ನಾನು ಬೆಲ್ಟು ಎಳೆದುಕೊಂಡೆ. ಖಟ್ ಎಂದಿತು, ಗಾಡಿ ಹೊರಟಿತು.

ಊರಾಚೆಯ ಮೊದಲ ಉಬ್ಬು ಬಂದಾಗ, ಅಪ್ಪನ ಕಾಲಿಗಿಂತ ಮೊದಲೇ ಅವ್ವನ ಬಲಗೈ ಎದ್ದಿತು. ಚಿನ್ನಿಯ ಎದೆಯವರೆಗೆ ಹೋಗಿ, ತನ್ನ ಜಾಗದಲ್ಲಿ ಆಗಲೇ ಯಾರೋ ಕೂತಿರುವುದನ್ನು ಕಂಡು, ಆ ಬೆಲ್ಟನ್ನೊಮ್ಮೆ ಸವರಿ, ಮಡಿಲಿಗೆ ಮರಳಿತು. ಈ ಸೀನನ್ನು ನಾನಿನ್ನೂ ಯಾರಿಗೂ ಮಾಡಿ ತೋರಿಸಿಲ್ಲ. ನಗಿಸದೆ ಮಾಡುವುದು ಹೇಗೆಂದು ಚಿನ್ನಿಯ ಹತ್ತಿರ ಕಲಿಯುತ್ತಿದ್ದೇನೆ.