ಶಿವರುದ್ರಮ್ಮನ ಅಡ್ಡ ಎಲೆ

ತೋವಿನಕೆರೆಯಲ್ಲಿ ವೀಳ್ಯದೆಲೆ ಕಟ್ಟುವ ಹೆಂಗಸರು ಹತ್ತಾರು ಮಂದಿ ಇದ್ದರು. ಆದರೆ ಶಿವರುದ್ರಮ್ಮ ಕಟ್ಟಿದ ಕಟ್ಟನ್ನು ಯಾರೂ ಬಿಚ್ಚಿ ಎಣಿಸುತ್ತಿರಲಿಲ್ಲ. ನೂರು ಎಂದರೆ ನೂರೇ. ಎಲೆಗಳನ್ನು ಜೊತೆ ಜೊತೆಯಾಗಿ ಜೋಡಿಸುತ್ತ, ಹತ್ತು ಜೊತೆಯಾಯಿತೆಂದರೆ ಒಂದು ಎಲೆಯನ್ನು ಅಡ್ಡಲಾಗಿ ಇಡುತ್ತಿದ್ದಳು. ನಡುವೆ ಹಾಲು ಉಕ್ಕಲಿ, ಕರು ಹಗ್ಗ ಕಿತ್ತುಕೊಂಡು ಓಡಲಿ, ಎದ್ದು ಹೋಗಿ ಬಂದು ಅಡ್ಡ ಎಲೆಗಳನ್ನು ನೋಡಿದರೆ ಸಾಕು, ಎಲ್ಲಿ ನಿಲ್ಲಿಸಿದ್ದಳೆಂಬುದು ತಿಳಿಯುತ್ತಿತ್ತು. ಮದುವೆಯಾಗಿ ಬಂದ ವರ್ಷ ಅತ್ತೆ ಕೊಲ್ಲಾಪುರಮ್ಮ ಕಲಿಸಿದ ಪಾಠ ಅದು.

ಅಕ್ಷರದ ಪಾಠ ಬಂದದ್ದು ಬಹಳ ತಡವಾಗಿ. ಆಕೆಗೆ ನಲವತ್ತು ದಾಟಿತ್ತು. ಯುದ್ಧದ ಕಾಲ. ಊರಿನ ಶಾಲೆಯ ಸಂಜೀವಯ್ಯ ಮೇಷ್ಟ್ರು ದೊಡ್ಡವರಿಗೆಂದು ತರಗತಿ ತೆರೆದಾಗ ಹದಿನಾರು ಜನ ಸೇರಿದರು. ರಾಗಿ ಕುಯಿಲಿನ ಹೊತ್ತಿಗೆ ಉಳಿದವರು ಮೂವರು. ಆ ಮೂವರಲ್ಲಿ ತಡವರಿಸದೆ ಓದಲು ಕಲಿತವಳು ಶಿವರುದ್ರಮ್ಮ ಒಬ್ಬಳೇ.

ಮುಂದಿನ ವರ್ಷ ಶ್ರಾವಣದಲ್ಲಿ ಸಂಚಾರದ ಪುಸ್ತಕದ ಪೆಟ್ಟಿಗೆ ಬಂತು. ಮೂವತ್ತು ಪುಸ್ತಕಗಳಿದ್ದ ಮರದ ಪೆಟ್ಟಿಗೆ. ಒಂದು ಊರಿನಲ್ಲಿ ಒಂದು ತಿಂಗಳಿದ್ದು ಮುಂದಿನ ಊರಿಗೆ ಹೋಗುವುದು, ಸುತ್ತು ಮುಗಿಸಿ ಮೂರು ತಿಂಗಳಿಗೆ ಮತ್ತೆ ಬರುವುದು, ಹೀಗೆ ಏರ್ಪಾಡು. ಶಾಲೆಯ ಗೋಡೆಗೆ ಗೆದ್ದಲು ಹತ್ತಿದ್ದರಿಂದ ಮೇಷ್ಟ್ರು ಪೆಟ್ಟಿಗೆಯನ್ನು ಶಿವರುದ್ರಮ್ಮನ ಮನೆಯ ಪಡಸಾಲೆಯಲ್ಲಿ ಇರಿಸಿದರು. ಮುಚ್ಚಳ ಕಳಚಿ ಗೋಡೆಗೆ ಒರಗಿಸಿದ್ದಾಯಿತು. ಆ ತಿಂಗಳೆಲ್ಲ ಅದು ಹಾಗೆಯೇ ಗೋಡೆಗೆ ಮುಖ ಮಾಡಿಕೊಂಡಿತ್ತು.

ಸೀಮೆಎಣ್ಣೆ ಸಿಗದ ದಿನಗಳು. ಓದುವುದೆಲ್ಲ ಹಗಲಿನಲ್ಲೇ ಆಗಬೇಕು. ಎಲೆಬುಟ್ಟಿ ಒಂದು ಮಗ್ಗುಲಿಗೆ, ಪುಸ್ತಕ ಇನ್ನೊಂದು ಮಗ್ಗುಲಿಗೆ.

“ಲೇ ರುದ್ರಿ, ಹೊತ್ತು ನೆತ್ತಿಗೆ ಬಂತು. ಪುಸ್ತಕ ಮುಂದಿಟ್ಕೊಂಡ್ರೆ ಎಲೆ ತಾನೇ ಕಟ್ಕೊಂತದಾ?” ಎಂದು ಅತ್ತೆ ರೇಗುವರು.

“ಇದೊಂದು ಪುಟ ಕಣತ್ತೆ.”

“ನಿನ್ನೇನೂ ಒಂದು ಪುಟ ಅಂದೆ. ಎಷ್ಟುದ್ದ ಐತೆ ಆ ಪುಟ, ಮಧುಗಿರಿಗಂಟ ಐತಾ? ಗಟ್ಟಿಯಾಗಾದ್ರೂ ಓದು. ಒಬ್ಬೊಬ್ಳೇ ನಗ್ತೀಯ, ನೋಡ್ದೋರು ಏನಂದ್ಕೊಂಡಾರು!”

ಅಂದಿನಿಂದ ಶಿವರುದ್ರಮ್ಮ ಗಟ್ಟಿಯಾಗಿ ಓದತೊಡಗಿದಳು. ಎರಡೇ ದಿನಕ್ಕೆ ಕೊಲ್ಲಾಪುರಮ್ಮ ಊಟ ಮುಗಿಸಿ, ಎಲೆಬುಟ್ಟಿಯನ್ನು ತಾವೇ ಎಳೆದುಕೊಂಡು ಕಟ್ಟುವುದಕ್ಕೆ ಕೂತರು.

“ನೀನು ಓದು, ನಾನು ಕಟ್ತೀನಿ. ಆ ಕಥೇಲಿ ಸೊಸೆ ಏನಾದ್ಲೇ, ತೌರಿಗೆ ಹೋದ್ಲಾ?”

“ಇನ್ನೂ ಗಾಡಿ ಕಟ್ಟಿಲ್ಲ ಅತ್ತೆ.”

“ಬೇಗ ಕಟ್ಸು ಮತ್ತೆ. ಆ ಅತ್ತೆ ಸರಿ ಇಲ್ಲ ಕಣೇ.”

ಸಮುದ್ರದ ಪುಸ್ತಕ ಓದಿದ ದಿನವಂತೂ ಮುದುಕಿ ಕಟ್ಟುವುದನ್ನೇ ಮರೆತರು. ಕಣ್ಣು ಹಾಯುವಷ್ಟು ದೂರ ನೀರು, ಆದರೆ ಒಂದು ಗುಟುಕು ಬಾಯಿಗಿಡುವಂತಿಲ್ಲ ಎಂದು ಕೇಳಿ, “ಹಂಗಾದ್ರೆ ನಮ್ಮ ಕೆರೇನೇ ವಾಸಿ ಬುಡು” ಎಂದು ತೀರ್ಪು ಕೊಟ್ಟರು.

ತಿಂಗಳಲ್ಲಿ ಶಿವರುದ್ರಮ್ಮ ಏಳು ಪುಸ್ತಕ ಓದಿ ಮುಗಿಸಿದಳು. ಎರಡನ್ನು ಅರ್ಧಕ್ಕೆ ಬಿಟ್ಟಳು. ಅವುಗಳಲ್ಲಿ ಬರೆದವರು ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಿದ್ದಂತೆ ಆಕೆಗೆ ಕಂಡಿತು. ಏಳರಲ್ಲಿ ನಾಲ್ಕು ತೀರ ಹಿಡಿಸಿದವು. ಆ ನಾಲ್ಕರಲ್ಲಿ, ಮತ್ತೊಮ್ಮೆ ನೋಡಬೇಕೆನಿಸಿದ ಪುಟಗಳಿಗೆಲ್ಲ ಕೈ ರೂಢಿಯಂತೆ ಒಂದೊಂದು ಎಲೆಯನ್ನು ಅಡ್ಡ ಇಟ್ಟಳು. ಎಲೆ ಮಂಗಳದ ವಸ್ತು. ಅಕ್ಷರಕ್ಕೆ ತಾಂಬೂಲ ಕೊಟ್ಟಂತಾಯಿತು ಎಂದು ಒಳಗೊಳಗೇ ಸಂತೋಷವೂ ಇತ್ತು. ಒಣಗದಂತೆ ಎಲೆಗೆ ನೀರು ಚಿಮುಕಿಸಿರುತ್ತಾರೆಂಬುದಾಗಲಿ, ಕಟ್ಟಿನೊಳಗಿನ ಎಲೆ ಎರಡು ದಿನಕ್ಕೆ ಸಂತೆ ಸೇರುತ್ತದೆ, ಪುಸ್ತಕದೊಳಗಿನ ಎಲೆ ಅಲ್ಲೇ ಉಳಿಯುತ್ತದೆಂಬುದಾಗಲಿ ಆಕೆಗೆ ಹೊಳೆಯಲಿಲ್ಲ.

ಪೆಟ್ಟಿಗೆ ಹೊರಡುವ ಹಿಂದಿನ ದಿನ ಪುಸ್ತಕಗಳನ್ನು ಜೋಡಿಸಲು ಕೂತಾಗ ಹೊಳೆಯಿತು. ಸಮುದ್ರದ ಪುಸ್ತಕ ತೆರೆದಳು. ಎಲೆ ಕೊಳೆತು ಕಂದು ಬಣ್ಣಕ್ಕೆ ತಿರುಗಿ ಕಾಗದಕ್ಕೆ ಅಂಟಿಕೊಂಡಿತ್ತು. ಬಿಡಿಸಿದರೆ ಎಲೆಯ ಆಕಾರದ ಕಲೆ, ನರ ನರದ ಗುರುತಿನೊಂದಿಗೆ, ಎರಡೂ ಪುಟಗಳಲ್ಲಿ ಅಚ್ಚೊತ್ತಿತ್ತು. ಉಳಿದ ಮೂರರದ್ದೂ ಅದೇ ಪಾಡು. ಪೆಟ್ಟಿಗೆ ಮುಚ್ಚಲೆಂದು ಮುಚ್ಚಳವನ್ನು ಎಳೆದಳು. ಅದರ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ತಿಂಗಳೆಲ್ಲ ಪೆಟ್ಟಿಗೆಯನ್ನೇ ಓದಿದವಳು ಅದೊಂದನ್ನು ಓದಿರಲಿಲ್ಲ. “ಪುಸ್ತಕಗಳಿಗೆ ಕಲೆ ಮಾಡಿದ ಊರಿಗೆ ಪೆಟ್ಟಿಗೆಯನ್ನು ಮತ್ತೆ ಕಳಿಸತಕ್ಕದ್ದಲ್ಲ.”

ಓಡಿಹೋಗಿ ಮೇಷ್ಟ್ರಿಗೆ ಹೇಳಿದಳು. ಸಂಜೀವಯ್ಯನವರು, “ನೋಡಿ ಶಿವರುದ್ರಮ್ಮನೋರೇ, ಆ ನಾಲ್ಕನ್ನೂ ತಳದಲ್ಲಿಟ್ಟು ಬಿಡೋಣ. ನಾಳೆ ಪೆಟ್ಟಿಗೆ ತನಿಖೆಗೆ ಬರೋರು ಮೇಲಿನವನ್ನು ನೋಡಿ ರುಜು ಹಾಕ್ತಾರೆ” ಎಂದರು.

“ಬ್ಯಾಡಿ ಮೇಷ್ಟ್ರೇ. ಎಲೆ ಕಟ್ನಲ್ಲಿ ಕೊಳೆತಿದ್ದನ್ನ ನಡುವೆ ಇಟ್ಟು ಕಟ್ದೋಳಲ್ಲ ನಾನು.”

ಮರುದಿನ ತನಿಖೆಯ ವೃಷಭೇಂದ್ರಪ್ಪನವರು ಬಂದರು. ಜರಿ ಅಂಚಿನ ಪೇಟ, ಮೂಗಿನ ತುದಿಯಲ್ಲಿ ಕನ್ನಡಕ, ನಗುವಿಗೆ ಅಲ್ಲಿ ಎಡೆಯೇ ಇದ್ದಂತಿರಲಿಲ್ಲ. ಶಿವರುದ್ರಮ್ಮ ನಾಲ್ಕು ಪುಸ್ತಕಗಳನ್ನು ಮೊದಲೇ ಅವರ ಮುಂದಿಟ್ಟು ಕೈಮುಗಿದಳು.

“ತಪ್ಪು ನಂದು ಸ್ವಾಮಿ. ಊರೋರ್ದಲ್ಲ. ಪೆಟ್ಗೆ ನಿಲ್ಸಬ್ಯಾಡಿ.”

ಅವರು ಕಲೆಯಾದ ಪುಟಗಳನ್ನು ಒಂದೊಂದಾಗಿ ತಿರುವಿದರು. ಹುಬ್ಬು ಗಂಟಿಕ್ಕಿತು.

“ಏನಮ್ಮ ಇದು? ಇಲ್ಲಿ ಯಾಕೆ ಎಲೆ ಇಟ್ಟೆ?”

“ಅದು ಸಮುದ್ರದ ಉಪ್ಪಿನ ಪುಟ ಸ್ವಾಮಿ. ನದಿಗಳು ನೆಲದ ಉಪ್ಪು ತಗೊಂಡೋಗಿ ಅಲ್ಲಿಗೆ ಸೇರಿಸ್ತವಂತೆ. ನಮ್ಮ ಜಯಮಂಗಲಿ ನೀರೂ ಎಂಗೋ ಅಲ್ಲಿಗೇ ಹೋಗ್ತದಲ್ಲ ಅಂತ ಅನ್ನಿಸ್ತು.”

“ಇಲ್ಲಿ?”

“ಜೇನುಹುಳದ್ದು. ಒಂದು ಹುಳ ಬಾಳೆಲ್ಲ ಹಾರಿದ್ರೂ ಒಂದು ಚಮಚ ತುಪ್ಪ ಆಗಲ್ವಂತೆ. ಎಲೆ ಕಟ್ಟೋರ್ಗಿಂತ ಕಷ್ಟ ಅವಕ್ಕೆ.”

ದನಗಳ ರೋಗದ ಪುಸ್ತಕದಲ್ಲಿ ಹೊಟ್ಟೆಯುಬ್ಬರದ ಪುಟಕ್ಕೆ ಎಲೆಯಿತ್ತು. ಆ ಪುಟ ಓದಿದ ಮೇಲೆ ಕರುವಿಗೆ ಇಬ್ಬನಿಯ ಹುಲ್ಲು ಹಾಕುವುದನ್ನು ಗಂಡ ನಾಗಲಿಂಗಯ್ಯ ಬಿಟ್ಟದ್ದನ್ನೂ ಹೇಳಿದಳು. ಕಡೆಯದು ಕಥೆಯ ಪುಸ್ತಕ. ಸೊಸೆ ಗಾಡಿ ಹತ್ತುವ ಪುಟ. ವೃಷಭೇಂದ್ರಪ್ಪನವರು ಕೇಳುವ ಮೊದಲೇ ಬಾಗಿಲ ಹಿಂದಿನಿಂದ ಕೊಲ್ಲಾಪುರಮ್ಮನ ದನಿ ಬಂತು:

“ಅದು ನಾನು ಇಡ್ಸಿದ್ದು ಸ್ವಾಮಿ! ಅವಳು ತೌರಿಗೆ ಹೋಗಿದ್ದೇ ಸರಿಯಾಯ್ತು!”

ಪೇಟದ ಕೆಳಗಿನ ಮುಖ ಮೊದಲ ಬಾರಿಗೆ ಸಡಿಲವಾಯಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೇಷ್ಟ್ರೇ, ಒಂದು ವರ್ಷದಿಂದ ಈ ಪೆಟ್ಟಿಗೆಯ ಹಿಂದೆ ತಿರುಗುತ್ತಿದ್ದೇನೆ. ಎಲ್ಲ ಊರಿನಲ್ಲೂ ಪುಸ್ತಕ ಹೋದ ಹಾಗೇ ಬರುತ್ತದೆ. ಎಷ್ಟೋ ಪುಸ್ತಕಗಳಲ್ಲಿ ಅಚ್ಚಿನಿಂದ ಕೂಡಿಕೊಂಡೇ ಬಂದ ಹಾಳೆಗಳ ಅಂಚನ್ನು ಇನ್ನೂ ಯಾರೂ ಕತ್ತರಿಸಿ ಬಿಡಿಸಿಲ್ಲ. ಓದಿದವರ ಪಟ್ಟಿ ಮಾತ್ರ ಉದ್ದವಾಗಿರುತ್ತದೆ.” ಸಂಜೀವಯ್ಯನವರು ನೆಲ ನೋಡಿದರು. “ಆದರೂ ಕಲೆಯಾಗಿಲ್ಲ ಎಂದು ನಾನು ಬರೆಯಲಾರೆ. ಈ ತಾಯಿಯೇ ಮುಚ್ಚಿಡದ್ದನ್ನು ನಾನು ಮುಚ್ಚಿಡುವುದೇ?”

ಅವರು ಕಲೆಯನ್ನೂ ಬರೆದರು, ಕಾರಣವನ್ನೂ ಬರೆದರು. ಮುಂದಿನ ಒಂದು ಸುತ್ತು ಮಾತ್ರ ತೋವಿನಕೆರೆಯನ್ನು ಬಿಡಬಹುದೆಂದೂ, ಆಮೇಲೆ ಪೆಟ್ಟಿಗೆ ಕಳಿಸತಕ್ಕದ್ದೆಂದೂ ತಮ್ಮ ಅಭಿಪ್ರಾಯ ಸೇರಿಸಿದರು. ತಮ್ಮ ಮಾತನ್ನು ಮೇಲಿನವರು ತೆಗೆದುಹಾಕುವುದಿಲ್ಲ ಎಂದರು. ಕಲೆಯಾದ ನಾಲ್ಕು ಪುಸ್ತಕಗಳು ಸಂಚಾರಕ್ಕೆ ತಕ್ಕವಲ್ಲವಾದ್ದರಿಂದ ಊರಿನಲ್ಲೇ ಉಳಿಯಲಿ ಎಂದು, ಅವುಗಳನ್ನು ಪೆಟ್ಟಿಗೆಯಿಂದ ತೆಗೆದು ಆಕೆಯ ಕೈಗೇ ಕೊಟ್ಟರು.

“ಇನ್ನು ಮೇಲೆ ಗುರುತಿಗೆ ಏನಿಡುತ್ತೀಯಮ್ಮ?”

“ಬಾಳೆನಾರು ಸ್ವಾಮಿ. ಒಣಗಿದ್ದು.”

ಪೆಟ್ಟಿಗೆ ಗಾಡಿಯೇರಿ ಬರಗೂರಿನ ದಾರಿ ಹಿಡಿಯಿತು. ಶಿವರುದ್ರಮ್ಮ ಪಡಸಾಲೆಗೆ ಬಂದು, ಗೋಡೆಯ ಮಗ್ಗುಲಲ್ಲಿ ಬರಿದಾದ ಜಾಗವನ್ನು ನೋಡಿ ನಿಂತಳು. ಒಂದು ಸುತ್ತು ತಪ್ಪಿದರೆ ಪೆಟ್ಟಿಗೆ ಮತ್ತೆ ಬರುವುದಕ್ಕೆ ಆರು ತಿಂಗಳು. ಅಲ್ಲಿಯವರೆಗೆ ನಾಲ್ಕು ಪುಸ್ತಕ. ಒಂದೊಂದನ್ನು ಎರಡು ಸಲ ನಿಧಾನವಾಗಿ ಓದಬಹುದು. ಆತುರಪಟ್ಟು ದಾಟಿದ ಪುಟಗಳೂ ಇದ್ದವು.

“ನಿಂತ್ಕಂಡು ಏನು ನೋಡ್ತೀಯೇ, ಬಾ” ಎಂದು ಅತ್ತೆ ಎಲೆಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ಸಮುದ್ರದ್ದು ಮೊದ್ಲಿಂದ ಹೇಳು. ಆವತ್ತು ಅರ್ಧ ನಂಗೆ ತಿಳೀಲಿಲ್ಲ.”

ಶಿವರುದ್ರಮ್ಮ ಒಣ ಬಾಳೆನಾರಿನ ಎಳೆಯೊಂದನ್ನು ಮಡಿಲಲ್ಲಿ ಇಟ್ಟುಕೊಂಡು ಪುಸ್ತಕ ತೆರೆದಳು.