ಹೊಳೆದಂಡೆಯ ಕಡಲೆ, ಮದರಸಾಬನ ದವಡೆ

ರೋಣದ ಪೇಟೆಯಲ್ಲಿ ನನ್ನದು ಚಹಾದಂಗಡಿ. ಎದುರಿಗೇ ರೈತರ ಕಾಳು ತೂಗಿ ಮಾರಿಸುವ ಅಂದಾನೆಪ್ಪ ಸಾಹುಕಾರರ ಅಡತಿ ಅಂಗಡಿ. ಅಲ್ಲಿ ಕಡಲೆಯ ಹಸಿ, ಒಣ ನೋಡುವವನು ಮದರಸಾಬ. ನೋಡುವುದೆಂದರೆ ಕಣ್ಣಿನಿಂದಲ್ಲ. ಚೀಲದಿಂದ ನಾಲ್ಕು ಕಾಳು ತೆಗೆದು ಎಡದವಡೆಯಲ್ಲಿಟ್ಟು ಕಡಿಯುತ್ತಿದ್ದ. ಟಕ್ ಎಂದು ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಿದರೆ ಹಸಿ. ಅವನು ಹಸಿ ಎಂದರೆ ಎಂಥ ಜಗಳಗಂಟ ರೈತನೂ ತಕರಾರಿಲ್ಲದೆ ಚಕ್ಕಡಿ ತಿರುಗಿಸುತ್ತಿದ್ದ. ಅಷ್ಟು ನಂಬಿಕೆ ಅವನ ಬಾಯಿಯ ಮೇಲೆ.

೧೯೫೪ರ ಸುಗ್ಗಿಯಲ್ಲಿ ಆ ದವಡೆಯ ಹಲ್ಲಿಗೇ ಹುಳ ಬಿತ್ತು. ಗಲ್ಲ ಬಾತು ಗುಮ್ಮಟವಾಯಿತು. ಲವಂಗ ಇಟ್ಟ, ತಂಬಾಕು ಇಟ್ಟ, ತಲೆಗೆ ವಸ್ತ್ರ ಬಿಗಿದುಕೊಂಡು ನರಳಿದ. ದವಾಖಾನೆಗೆ ಮಾತ್ರ ಹೋಗಲೊಲ್ಲ. ನೋಡಿ ನೋಡಿ ನನ್ನ ತಲೆ ಕೆಟ್ಟುಹೋಯಿತು.

"ಏ ಮಾರಾಯಾ, ಕಿತ್ತಿಸಿ ಒಗಿ ಅದನ್ನ!" ಎಂದೆ.

"ಕಿತ್ತಿಸಿದ್ರ ನನ್ನ ಮಾತು ಯಾರ ನಂಬತಾರೋ? ಹಲ್ಲು ಹೋದಾಂವಗ ಕಡ್ಲಿ ತೋರಸ್ತಾರೇನು? ನನ್ನ ಹೊಟ್ಟಿ ನಡದದ್ದ ಇದರ ಮ್ಯಾಲ."

ಅದೇ ವಾರ ಹೊಳೆಮಣ್ಣೂರಿನ ಹೊನ್ನವ್ವ ಚಕ್ಕಡಿ ತುಂಬ ಕಡಲೆ ತಂದಳು. ಗಂಡ ತೀರಿದ ಮೇಲೆ ತಾನೇ ಹೊಲ ಮಾಡಿಸುವ ಗಟ್ಟಿ ಹೆಣ್ಣುಮಗಳು. ಮದರಸಾಬ ಕಾಳು ಬಾಯಿಗೆ ಹಾಕಿ, ಗಲ್ಲ ಒಂದಿಷ್ಟು ಅಲುಗಾಡಿಸಿ, "ಹಸಿ ಐತಿ" ಎಂದ.

"ಮಾಳಿಗಿ ಮ್ಯಾಲ ಹರವಿ ಒಣಗಿಸೇನೋ ಯಣ್ಣಾ! ಬರೋಬ್ಬರಿ ನೋಡು."

ಅವನು ತಲೆ ಎತ್ತಲಿಲ್ಲ. ಅವಳು ಚಕ್ಕಡಿ ತಿರುಗಿಸಿದಳು. ನನಗೋ ಅವನು ಕಡಿದದ್ದೇ ಅನುಮಾನ; ಟಕ್ಕೂ ಕೇಳಿರಲಿಲ್ಲ, ಏನೂ ಕೇಳಿರಲಿಲ್ಲ. ಅವನು ಚಹಾಕ್ಕೆ ಬಂದಾಗ ಹಿಡಿದು ಕೇಳಿದೆ.

"ಕಡದಿಲ್ಲೋ. ಹಂಗ ನುಂಗಿಬಿಟ್ಟೆ," ಎಂದ. "ಹೊಳಿ ದಂಡಿ ಊರು, ಹಸಿ ಇರತೈತಿ ಅಂತ ಅಂದಾಜಿನ ಮ್ಯಾಲ ಹೇಳಿದೆ."

ಹಾಗೆನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ನೋವಿನ ನೀರಲ್ಲ ಅದು. ತಾನೇ ಎದ್ದು, "ನಡಿ, ದವಾಖಾನಿಗೆ ಹೋಗೂಣು" ಎಂದ.

ಡಾಕ್ಟರು ಸೂಜಿ ಚುಚ್ಚಿ, ದವಡೆ ಮರಗಟ್ಟಿದ ಮೇಲೆ ಇಕ್ಕಳ ಹಾಕಿ ಎರಡು ಸಲ ಅಲುಗಾಡಿಸಿ ಎಳೆದರು. ಬಂತು! ಇಷ್ಟೇ ಇಷ್ಟು ಹಲ್ಲು, ಅಷ್ಟು ಕುಣಿಸಿತ್ತು ಅವನನ್ನು. ಬಾಯಲ್ಲಿ ಅರಳೆ ಕಚ್ಚಿಕೊಂಡು ಅವನು ನನ್ನ ಕೈ ಹಿಡಿದು ಅಲುಗಾಡಿಸಿದ್ದೇ ಅಲುಗಾಡಿಸಿದ್ದು. ಮನೆಯಲ್ಲಿ ಹೆಂಡತಿ ಬದರುನ್ನಿಸಾ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹಚ್ಚಿ, ಆರಿದ ಅಂಬಲಿ ಕುಡಿಸಿ, ತಂಬಾಕಿನ ಚೀಲ ಅಡಗಿಸಿಟ್ಟಳು. ಎಷ್ಟೋ ರಾತ್ರಿ ನಿದ್ದೆಗೆಟ್ಟವನು ಹಗಲೆಲ್ಲ ಗೊರಕೆ ಹೊಡೆದ.

ಬಾವು ಇಳಿದು ಗಾಯ ಮಾಯಿತು. ಹೆದರಿಕೆ ಮಾತ್ರ ಹೋಗಲಿಲ್ಲ. ಬಲದವಡೆಯಲ್ಲಿ ಕದ್ದುಮುಚ್ಚಿ ಕಡಲೆ ಕಡಿದು ನೋಡುತ್ತಿದ್ದವನನ್ನು ಹಿಡಿದು ಬದರುನ್ನಿಸಾ, "ಯಾಕ್ರಿ, ಬಲಗಡಿ ಹಲ್ಲು ನಿಮ್ಮವಲ್ಲೇನು, ಬಾಡಿಗಿಗೆ ತಂದೀರೇನು?" ಎಂದು ನಕ್ಕಳಂತೆ.

ಅವನು ಕೆಲಸಕ್ಕೆ ಮರಳಿದ ದಿನವೇ ಹೊನ್ನವ್ವನ ಚಕ್ಕಡಿ ಬಂತು. ಅದೇ ಕಡಲೆ. ಬೇರೆ ಅಂಗಡಿಗೆ ಕೊಟ್ಟಿರಲಿಲ್ಲ ಪುಣ್ಯಾತ್ಗಿತ್ತಿ, ಊರಿಗೆ ಒಯ್ದು ಮತ್ತೆ ಬಿಸಿಲಿಗೆ ಹಾಕಿದ್ದಳು. ಮದರಸಾಬ ಕಾಳು ತೆಗೆದು ಬಲಗಡೆ ಇಟ್ಟು ಕಡಿದ. ಟಕ್! ನನ್ನ ಒಲೆಯ ತನಕ ಕೇಳಿಸಿತು. ಎದೆ ಹಗುರಾಯಿತು ನನಗೆ. ಒಣಗೇತಿ ಎಂದು ಸುಮ್ಮನಿದ್ದರೆ ಮುಗಿಯುತ್ತಿತ್ತಲ್ಲ, ಸುಮ್ಮನಿರಬೇಕಲ್ಲ ಈ ಮನುಷ್ಯ!

"ಒಣಗೇತಿ ಯಕ್ಕಾ. ಅವತ್ತೂ ಒಣಗಿದ್ದೀತು. ನಾ ಕಡದಾ ಇರಲಿಲ್ಲ. ಹಲ್ಲಬ್ಯಾನಿಗೆ ಹೆದರಿ ಸುಳ್ಳ ಹೇಳಿದೆ."

ಅಂದಾನೆಪ್ಪನವರ ಮುಖ ಕಪ್ಪಿಟ್ಟಿತು. ಹಮಾಲರು ಚೀಲ ಬಿಟ್ಟು ನಿಂತರು. ಇವನ ಅನ್ನ ಹೋಯಿತು ಎಂದುಕೊಂಡೆ.

"ನಿನ್ನ ಹಲ್ಲಿಗೆ ಬೆಂಕಿ ಹತ್ತಲಿ!" ಎಂದು ಚೀರಿದಳು ಹೊನ್ನವ್ವ. "ಎತ್ತು ದಣಿಸಿದಿ, ನನ್ನ ಸೊಂಟ ಮುರದಿ!"

"ಕಿತ್ತಿಸಿ ಬಂದೀನಿ ಯಕ್ಕಾ," ಎಂದು ಮದರಸಾಬ ಬಾಯಿ ಆ ಎಂದು ತೆಗೆದ.

ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, ಬಗ್ಗಿ, ಒಳಗೆಲ್ಲ ಕಣ್ಣಾಡಿಸಿದಳು. ಆಮೇಲೆ ಸಾಹುಕಾರರ ಕಡೆ ತಿರುಗಿ, "ತೂಕಕ್ಕ ಹಚ್ಚರಿ" ಎಂದಳು. ಮದರಸಾಬನಿಗೆ ಹೇಳಿದಳು:

"ಉಳಿದ ಹಲ್ಲರ ಜ್ವಾಕಿಯಿಂದ ಇಟಗೋ. ಬರೋ ಸುಗ್ಗಿಗೂ ನನ್ನ ಕಡ್ಲಿ ನೀನಾ ಕಡೀಬೇಕು."